ಮಂಗಳವಾರದ ಮಳೆ

"ಅಪ್ಪ ಬಂಗ್ಲೇಲಿ ಕೂತು ಸುಳ್ಳು ಬರೆದ, ಮಗ ಇಲ್ಲಿ ಕೂತು ಅದನ್ನೇ ಟೈಪ್ ಮಾಡಿದ. ವಂಶಪಾರಂಪರ್ಯ ಕಣ್ರೀ," ಅಂದರು ನಮ್ಮ ಸಂಶೋಧನಾ ಕೇಂದ್ರದ ಮುಖ್ಯಸ್ಥರು ರೇಣುಕಾಪ್ರಸಾದ್ ಸಾರ್, ನನ್ನ ಕಡೆ ಪೆನ್ನು ತೋರಿಸಿ.

ಹಾಲ್‌ನಲ್ಲಿ ನಲವತ್ತು ಜನ ಇದ್ದರು. ಎಂ.ಎಸ್ಸಿ. ಓದೋ ಹುಡುಗರು, ಹುಡುಗೀರು, ಇಬ್ಬರು ಲೆಕ್ಚರರು. ಎಲ್ಲಾ ನಕ್ಕರು. ನಾನು ಪ್ರೊಜೆಕ್ಟರ್ ಪಕ್ಕ ವೈರ್ ಹಿಡಕೊಂಡು ನಿಂತಿದ್ದೆ. ಆ ವೈರ್ ಸಡಿಲ, ಕೈ ಬಿಟ್ಟರೆ ಪರದೆ ಕಪ್ಪಾಗುತ್ತೆ. ನಮ್ಮಪ್ಪನ ಮರ್ಯಾದೆ ತೆಗೆಯೋದು ಎಲ್ಲರಿಗೂ ನೆಟ್ಟಗೆ ಕಾಣಲಿ ಅಂತ ನಾನೇ ಹಿಡಕೊಂಡು ನಿಂತಂಗಿತ್ತು.

ಪರದೆ ಮೇಲೆ ಒಂದು ಗ್ರಾಫ್. ಮೂವತ್ಮೂರು ವರ್ಷದ ಬೇಸಿಗೆ ಮಳೇನೆಲ್ಲ ಕೂಡಿಸಿ, ವಾರದ ಯಾವ ದಿನ ಎಷ್ಟು ಅಂತ ಕಂಬ ನಿಲ್ಲಿಸಿದ್ದರು. ಆರು ದಿನದ್ದು ನೆಲಕ್ಕೆ ಅಂಟಿಕೊಂಡಿತ್ತು. ಮಂಗಳವಾರದ್ದೊಂದೇ ತೆಂಗಿನಮರದಂಗೆ ಎದ್ದಿತ್ತು.

"ಮೋಡಕ್ಕೆ ಕ್ಯಾಲೆಂಡರ್ ಓದಕ್ಕೆ ಬರುತ್ತೇನ್ರೀ? ಆವತ್ತು ಗುಬ್ಬೀಲಿ ಇಲ್ಲ, ಕುಣಿಗಲ್‌ನಲ್ಲಿ ಇಲ್ಲ, ತುಮಕೂರಲ್ಲಿ ಇಲ್ಲ. ಈ ಮಹಾಲಿಂಗಯ್ಯನ ತಲೆ ಮೇಲೆ ಮಾತ್ರ ಪ್ರತಿ ಮಂಗಳವಾರ ಮಳೆ! ಎದ್ದು ಹೋಗಿ ನೋಡಕ್ಕೆ ಸೋಮಾರಿತನ. ಮನೇಲಿ ಕಾಲು ಚಾಚ್ಕೊಂಡು ಬಾಯಿಗೆ ಬಂದಿದ್ದು ಗೀಚಿದ್ದಾನೆ. ಮುಂದಿನ ಗುರುವಾರ ಕಮಿಟಿ ಬರ್ತಿದೆ. ನಾವು ಈ ಮೂವತ್ಮೂರು ವರ್ಷಾನ ಕಿತ್ತು ಎಸೀತೀವಿ. ಹಳೇದು, ದೊರೆಗಳ ಕಾಲದ್ದು ಶುದ್ಧವಾಗಿದೆ, ಅದೊಂದೇ ಸಾಕು."

ಸೋಮಾರಿ. ನಮ್ಮಪ್ಪನ್ನ ಏನಾದರೂ ಅನ್ನಿ, ಸೋಮಾರಿ ಅನ್ನಬೇಡಿ. ನಾನೇ ಅವನನ್ನ ಸಾವಿರ ಸಲ ಬೈದಿದ್ದೀನಿ, ಆ ಮಾತು ಮಾತ್ರ ನನ್ನ ಬಾಯಲ್ಲೂ ಬಂದಿಲ್ಲ.

ನಮ್ಮ ಮನೆ ಗಾಳಿ ಬಂಗ್ಲೆ. ಸಿ.ಎಸ್. ಪುರದಿಂದ ಎರಡು ಮೈಲಿ ಆಚೆ ದಿಬ್ಬದ ಮೇಲಿರೋ ಹಳೇ ವೀಕ್ಷಣಾಲಯಕ್ಕೆ ಜನ ಇಟ್ಟಿರೋ ಹೆಸರು ಅದು. ಸಾವಿರದ ಎಂಟುನೂರ ಎಂಬತ್ತರ ಆಸುಪಾಸಲ್ಲಿ ಯಾರೋ ಇಂಗ್ಲಿಷ್ ದೊರೆ ಕಟ್ಟಿಸಿದ್ದು. ನಕ್ಷತ್ರ ನೋಡಕ್ಕೆ ಒಂದು ದೊಡ್ಡ ದುರ್ಬೀನು, ಗಾಳಿ ಮಳೆ ಬಿಸಿಲು ಅಳೆಯಕ್ಕೆ ಬೇರೆ ಸಾಮಾನು. ದುರ್ಬೀನು ತಾತನ ಕಾಲಕ್ಕೇ ಹೋಯ್ತು. ಅದು ಕೂತಿದ್ದ ಕಲ್ಲುಕಂಬದ ಮೇಲೆ ಈಗ ನಮ್ಮವ್ವ ಕಲ್ಲಮ್ಮ ಹಪ್ಪಳ ಒಣಗಿಸ್ತಾಳೆ. ಮಳೆ ಅಳೆಯೋದು ಮಾತ್ರ ನಿಲ್ಲಲಿಲ್ಲ. ಯಾರ್‍ಯಾರೋ ಆದ ಮೇಲೆ ತಾತ, ತಾತ ಆದ ಮೇಲೆ ಅಪ್ಪ. ಹಿಂದುಗಡೆ ಎರಡು ರೂಮಲ್ಲಿ ಸಂಸಾರ.

ಬೆಳಿಗ್ಗೆ ಎಂಟೂವರೆ ಅಂದರೆ ಎಂಟೂವರೆ. ಅಪ್ಪ ವಿಭೂತಿ ಹಚ್ಚಿಕೊಂಡು ರಿಜಿಸ್ಟರ್ ಕಂಕುಳಲ್ಲಿ ಇಟ್ಕೊಂಡು ಹೊರಡೋನು. ಮೊದಲು ಬಿಳಿ ಪೆಟ್ಟಿಗೆ, ನಾಲ್ಕು ಕಾಲಿನ ಮೇಲೆ ನಿಂತಿರೋ ಮರದ್ದು. ಒಳಗೆ ಥರ್ಮಾಮೀಟರು, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಬಾಗಿಲು ತೆಗೆಯೋಕೆ ಮುಂಚೆ ಉಸಿರು ಬಿಗಿ ಹಿಡಿಯೋನು, ತನ್ನ ಉಸಿರಿನ ಬಿಸಿಗೆ ಪಾದರಸ ಏರಿಬಿಟ್ಟರೆ ಅಂತ. ಆಮೇಲೆ ಮಳೆಮಾಪಕ. ಚೌಕ ಕಲ್ಲಿನ ಕಟ್ಟೆ ಮೇಲೆ ನಿಂತಿರೋ ಗುಂಡನೆ ತಾಮ್ರದ ಕೊಳವೆ. ಒಳಗಿನ ಬಾಟಲಿ ತೆಗೆದು, ನೀರನ್ನ ಅಳತೆ ಗ್ಲಾಸಿಗೆ ಬಗ್ಗಿಸಿ, ಮಂಡಿ ಊರಿ, ಕಣ್ಣನ್ನ ನೀರಿನ ಮಟ್ಟಕ್ಕೆ ತಂದು ನೋಡೋನು. ನೀರಿಲ್ಲದಿದ್ದರೂ ಮಂಡಿ ಊರೋನು. ತಿಂಗಳಿಗೊಂದು ಕಾಗದ ಬೆಂಗಳೂರಿಗೆ, "ತಮ್ಮ ವಿಧೇಯ" ಅಂತ ಸಹಿ.

ನಾನು ಒಂಬತ್ತನೇ ಕ್ಲಾಸಲ್ಲಿ ಒಬ್ಬನ ಹಲ್ಲು ಮುರಿದೆ. ಹೆಡ್‌ಮಾಸ್ಟರು, "ನಾಳೆ ಎಂಟೂವರೆಗೆ ನಿಮ್ಮಪ್ಪನ್ನ ಕರಕೊಂಡು ಬಾ, ಇಲ್ಲದಿದ್ರೆ ನೀನೂ ಬರಬೇಡ" ಅಂದರು. ಅಪ್ಪ, "ಒಂಬತ್ತೂವರೆಗೆ ಬತ್ತೀನಿ ಅಂತ ಹೇಳು" ಅಂದ. ಹೆಡ್‌ಮಾಸ್ಟರು ಒಪ್ಪಲಿಲ್ಲ, ಅಪ್ಪ ಹೋಗಲಿಲ್ಲ, ನಾನು ಮತ್ತೆ ಸ್ಕೂಲಿನ ಗೇಟು ತುಳಿಯಲಿಲ್ಲ. ಆವತ್ತು ಬಾಟಲಿಯಲ್ಲಿ ಒಂದು ಹನಿ ನೀರಿರಲಿಲ್ಲ. ಸೊನ್ನೆ ಬರೆಯೋಕೆ ನನ್ನ ಓದು ಕಳೆದ. ಅಂಥಾವನನ್ನ ಸೋಮಾರಿ ಅಂತಾನೆ ಇವನು.

ಅಪ್ಪ ಸತ್ತ ಮೇಲೆ ಬಂಗ್ಲೆ ಅಂಗಳದಲ್ಲಿ ಒಂದು ಕಂಬ ನೆಟ್ಟು ಮೆಷಿನ್ ಇಟ್ಟರು, ತಾನೇ ಅಳೆಯುತ್ತೆ, ತಾನೇ ಕಳಿಸುತ್ತೆ. ತುಮಕೂರಿನ ಸಂಶೋಧನಾ ಕೇಂದ್ರದವರು ಬಂದು ನೂರ ಮೂವತ್ತು ವರ್ಷದ ರಿಜಿಸ್ಟರು, ಕಾಗದ ಪತ್ರ ಎಲ್ಲಾ ಲಾರಿಗೆ ತುಂಬಿದರು. ಜೊತೆಗೆ ನನ್ನನ್ನೂ ತುಂಬಿಕೊಂಡರು, ಕಾಂಟ್ರಾಕ್ಟ್ ಮೇಲೆ ಡಾಟಾ ಎಂಟ್ರಿಗೆ. ಶೆಟ್ಟಿಹಳ್ಳೀಲಿ ರೂಮು ಮಾಡಿದೆ. ನೂರು ವರ್ಷ ದಾಟಿದ ಹವಾಮಾನ ಕೇಂದ್ರಗಳಿಗೆ ಅದೇನೋ ಮಾನ್ಯತೆ ಕೊಡ್ತಾರಂತೆ, ಅದಕ್ಕೇ ಈ ಓಡಾಟ. ಸಿಕ್ಕರೆ ಬಂಗ್ಲೇಲಿ ಕಲ್ಲು ಹಾಕಿಸಿ, ಮೊದಲನೆಯವರಿಂದ ಕೊನೆಯವರ ತನಕ ಅಳತೆ ಮಾಡಿದವರ ಹೆಸರೆಲ್ಲಾ ಕೆತ್ತಿಸ್ತಾರೆ ಅಂತ ಅವ್ವನಿಗೆ ನಾನೇ ಹೇಳಿದ್ದೆ. ಅವಳು ಊರೆಲ್ಲಾ ಹೇಳ್ಕೊಂಡು ಬಂದಿದ್ದಳು.

ಗ್ರಾಫ್ ತೋರಿಸಿದ ಶನಿವಾರಾನೇ ಸಂಜೆ ಬಸ್ ಹತ್ತಿದೆ. ಅವ್ವ ಒಲೆ ಮುಂದೆ ಮುದ್ದೆ ತೊಳಸ್ತಿದ್ದಳು.

"ಏನ್ಲಾ ಮಗಾ, ಹೇಳ್ದೆ ಕೇಳ್ದೆ ಬಂದಿದೀಯ?"

"ಅಪ್ಪ ಸುಳ್ಳು ಬರೀತಿದ್ನಾ ಅವ್ವ?"

"ಬಾಯಿಗೆ ಹುಳ ಬೀಳ! ಯಾವನ್ಲಾ ಅಂದೋನು?"

"ಬೇಸಿಗೇಲಿ ಪ್ರತಿ ಮಂಗಳವಾರ ಮಳೆ ಬಂದದೆ ಅಂತ ಬರೆದವ್ನೆ. ಒಂದೂವರೆ ಮಿಲಿಮೀಟರು, ಎರಡು ಮಿಲಿಮೀಟರು. ಸುತ್ತ ಎಲ್ಲೂ ಬಂದಿಲ್ಲ."

ಅವ್ವ ಕೋಲು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ಮದುವೆ ಹೆಣ್ಣಿನಂಗೆ ನಕ್ಕಳು.

"ಅಯ್ಯೋ ಹುಚ್ಚಪ್ಪಾ, ಅದು ನಾನು ಕಣೋ!"

"ಏನು ನೀನು?"

"ಸೋಮವಾರ ಸಂಜೆ ನೀರು ಹಾಕ್ತಿದ್ನಲ್ಲ, ಮಳೆಲಿಂಗಕ್ಕೆ. ಬಿಸಿಲುಗಾಲದಾಗೆ ಒಣಗಿಸಬಾರದು ಅಂತ ನಿಮ್ಮಜ್ಜಿ ಹೇಳಿದ್ಲು, ಅವಳ ಅತ್ತೆ ಅವಳಿಗೆ ಹೇಳಿದ್ಲಂತೆ. ಕಟ್ಟೆ ಸುತ್ತ ಹುಯ್ಯೋದು, ಒಂದು ಗುಟುಕು ಬಾಯೊಳಿಕ್ಕೂ ಬೀಳ್ತಿತ್ತು. ಮಳೆಗಾಲದಾಗೆ ಇಲ್ಲಪ್ಪ, ಆಗ ಮೇಲಿಂದ ಅವ್ನೇ ಹುಯ್ಕೊತಾನೆ."

ಮಳೆಲಿಂಗ ಅಂದರೆ ಅಪ್ಪನ ಮಳೆಮಾಪಕ. ಚೌಕ ಕಟ್ಟೆ, ಗುಂಡನೆ ಕೊಳವೆ. ನಲವತ್ತು ಹೆಜ್ಜೆ ದೂರದಿಂದ ನೋಡಿದರೆ ಲಿಂಗ ಅಲ್ಲದೆ ಇನ್ನೇನು ಅದು? ಹುಟ್ಟಿದಾಗಿಂದ ನೋಡಿದ್ದೀನಿ, ಅವ್ವ ಚೆಂಬು ಹಿಡಕೊಂಡು ಹೋಗೋದನ್ನೂ ನೋಡಿದ್ದೀನಿ. ತುಳಸಿಗೆ ಹಾಕ್ತಾಳೆ, ಇದಕ್ಕೂ ಹಾಕ್ತಾಳೆ ಅಂತ ಅಂದ್ಕೊಂಡೆ ಹೊರತು ಅದು ಬಾಟಲಿಗೆ ಇಳಿದು, ಮಂಗಳವಾರ ಬೆಳಿಗ್ಗೆ ಗ್ಲಾಸಿಗೆ ಬಂದು, ರಿಜಿಸ್ಟರಿಗೆ ಏರುತ್ತೆ ಅಂತ ಯೋಚನೆ ಮಾಡಿದ್ದಿಲ್ಲ.

"ಅಪ್ಪಂಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು? ಮದ್ವೆ ಆದ ವರ್ಷ ಬೇಡ ಅಂದ್ರು. ನಿಮ್ಮಜ್ಜಿ ಮೂರು ದಿನ ಉಣ್ಣಲಿಲ್ಲ. ಆಮೇಲೆ ಇವ್ರೇ ಅಂದ್ರು, ಹಾಕ್ಕೋ, ಆದ್ರೆ ಹಾಕಿದ ದಿನ ನಂಗೆ ತಪ್ಪದೆ ಹೇಳು ಅಂತ. ಇರೋ ನೀರನ್ನ ಇಲ್ಲ ಅಂತ ಬರೆಯಕ್ಕಾಗಲ್ಲ, ಆದ್ರೆ ಗುರುತು ಹಾಕ್ತೀನಿ ಅಂದ್ರು. ಪಕ್ಕದಾಗೆ ಮೂರು ಗೆರೆ ಎಳೀತಿದ್ರಪ್ಪ, ಪೆನ್ಸಿಲ್ಲಾಗೆ, ವಿಭೂತಿ ಪಟ್ಟೆ ಥರ. ನೀನು ನೋಡಿಲ್ವಾ? ನೀನೇ ತಾನೆ ಅದನ್ನೆಲ್ಲಾ ಮಿಷಿನ್‌ಗೆ ಹಾಕ್ದೋನು?"

ನೋಡಿದ್ದೆ. ಸಾವಿರ ಸಲ ನೋಡಿದ್ದೆ.

ಷರಾ ಅಂತ ಕೊನೇ ಕಾಲಂ ಇರುತ್ತೆ. ಅದರಲ್ಲಿ ಅಲ್ಲಲ್ಲಿ ಸಣ್ಣ ಮೂರು ಗೆರೆ. ಅಪ್ಪ ಪ್ರತಿ ಪುಟದ ತಲೆ ಮೇಲೆ ಶ್ರೀ ಬರೀತಿದ್ದ, ಇದೂ ಅಂಥದ್ದೇ ಯಾವುದೋ ಭಕ್ತಿ ಅಂದ್ಕೊಂಡೆ. ಆದರೂ ಕೇಳಿದ್ದೆ, "ಸಾರ್, ಷರಾ ಕಾಲಂ ಏನ್ ಮಾಡ್ಲಿ?" ಅಂತ. ರೇಣುಕಾಪ್ರಸಾದ್ ಸಾರ್ ಫೋನಿಂದ ತಲೆ ಎತ್ತದೆ, "ತಾರೀಕು, ಮಳೆ. ಎರಡೇ. ಪೂಜೆ ಪುನಸ್ಕಾರ ಎಲ್ಲ ಬೇಡ" ಅಂದಿದ್ದರು. ನಾನೂ ಖುಷಿಯಾಗಿ ಬಿಟ್ಟೆ, ಕೆಲಸ ಕಮ್ಮಿ ಆಯ್ತಲ್ಲ. ದಿನಕ್ಕೆ ಆರು ತಿಂಗಳದ್ದು ಹೊಡೀತಿದ್ದೆ.

ದೊರೆಗಳ ಕಾಲದ ರಿಜಿಸ್ಟರನ್ನ ಮುಟ್ಟಕ್ಕೆ ಬಿಳಿ ಗ್ಲೌಸ್ ಹಾಕಬೇಕು. ಅದಕ್ಕೆ ಸ್ಕ್ಯಾನರ್, ಗಾಜಿನ ಬೀರು, ಇಲಿ ಬರದಂಗೆ ಔಷಧಿ. ಅಪ್ಪನದು ಸ್ಟೇಷನರಿ ಅಂಗಡಿ ರಿಜಿಸ್ಟರು, ಅದಕ್ಕೆ ಜಾಗ ಇಲ್ಲ. "ಎಂಟ್ರಿ ಆಯ್ತಲ್ಲ, ಕ್ಲಿಯರ್ ಮಾಡು" ಅಂದರು. ಮೂವತ್ಮೂರು ರಿಜಿಸ್ಟರನ್ನ ಎರಡು ಚೀಲಕ್ಕೆ ತುಂಬಿ, ಗಾಡಿ ಮುಂದೊಂದು ಹಿಂದೊಂದು ಇಟ್ಕೊಂಡು, ಉಪ್ಪಾರಹಳ್ಳಿ ರದ್ದಿ ಅಂಗಡಿಗೆ ಹಾಕಿದವನು ನಾನೇ. ಬಂದ ದುಡ್ಡಲ್ಲಿ ಆಫೀಸಿನವರೆಲ್ಲಾ ಪಫ್ಸ್ ತಿಂದೆವು. ಆವತ್ತು ಅಪ್ಪನ ಮೇಲೆ ಒಂದು ಸೇಡು ತೀರಿತು ಅಂತಾನೂ ಅನಿಸಿತ್ತು. ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಅವ್ವನಿಗೆ ಇದು ಗೊತ್ತಿಲ್ಲ. ಗಾಜಿನ ಬೀರುವಿನಲ್ಲಿ ಅಪ್ಪನ ಪುಸ್ತಕ ಸಾಲಾಗಿ ನಿಂತಿವೆ ಅಂದ್ಕೊಂಡವ್ಳೆ.

"ಪುಸ್ತಕ ತೆಗೆದು ತೋರ್ಸು ಅವನಿಗೆ," ಅಂದಳು ಮುದ್ದೆ ಕಟ್ತಾ. "ಬಾಯಿ ಮುಚ್ಕೊಂಡು ಹೋಗ್ತಾನೆ."

ಅರ್ಧ ಮುದ್ದೆ ತಟ್ಟೇಲೇ ಬಿಟ್ಟು ಎದ್ದೆ.

ಸೋಮವಾರ ಬೆಳಿಗ್ಗೆ ಮಾನಸಾನ ಹಿಡಿದೆ. ಅವಳು ಇಂಗ್ಲಿಷ್ ಎಂ.ಎ., ಹಳೇ ಕಾಗದಗಳನ್ನೆಲ್ಲಾ ಓದಿ ಪಟ್ಟಿ ಮಾಡೋಳು. ನಾನು ಸ್ಕ್ಯಾನ್ ಮಾಡ್ತೀನಿ, ಅವಳು ಓದ್ತಾಳೆ. ಮೂರು ಗೆರೆ ದೊರೆಗಳ ಕಾಲದ ರಿಜಿಸ್ಟರಲ್ಲೂ ಇತ್ತು ಅಂತ ನನಗೆ ರಾತ್ರಿಯೆಲ್ಲಾ ಮಸಕು ಮಸಕಾಗಿ ನೆನಪಾಗಿತ್ತು.

"ಇದೆಯಲ್ಲ," ಅಂದಳು. "ಆ ಗುರುತು ಬಿದ್ದಿರೋ ದಿನ ಎಲ್ಲ ಲೆಕ್ಕದಿಂದ ಬಿಟ್ಟಿದೀವಿ. ಅದರ ಮೇಲೆ ಕಾಗದಾನೂ ಇದೆ ಕಣೋ ಪ್ರಭು, ನೀನೇ ಸ್ಕ್ಯಾನ್ ಮಾಡಿರೋದು. ಸಾರ್‌ಗೂ ಮೇಲ್ ಹಾಕಿದ್ದೆ. ಅವರು ಓದಿರಲ್ಲ."

ತೆಗೆದು ಓದಿದಳು. ಅವಳು ಓದೋಕೆ ಮುಂಚೆ ಆ ಕಾಗದ ನನಗೆ ಬರೀ ಕಂದು ಹಾಳೆ, ಮೂಲೆ ಹರಿದಿದೆ, ನಿಧಾನ ತಿರುವಬೇಕು ಅಷ್ಟೇ. ಬರೆದವನು ರಾಮಾಂಜಿನಯ್ಯ ಅಂತ, ಆಗಿನ ವೀಕ್ಷಕ. ಸಾವಿರದ ಎಂಟುನೂರ ತೊಂಬತ್ಮೂರರ ಏಪ್ರಿಲ್. ಅದಕ್ಕೂ ಹಿಂದಿನ ಕಾಗದಗಳಲ್ಲಿ ಥರ್ಮಾಮೀಟರಿನ ಒದ್ದೆ ಬಟ್ಟೇನ ಇರುವೆ ತಿಂದುಹೋಗಿವೆ, ಹೊಸದು ಕಳಿಸಿ ಅಂತ ಬೇಡಿದ್ದಾನೆ. ತಂಗಿ ಮದುವೆಗೆ ರಜಾ ಕೇಳಿದ್ದಾನೆ. ಹದಿನಾಲ್ಕನೇ ತಾರೀಕು ನಾಲ್ಕು ಗಂಟೆಯ ಅಳತೆ ಯಾಕಿಲ್ಲ ಅಂತ ದೊರೆ ಗದರಿದ್ದಕ್ಕೆ, ಹೆಂಡತಿಗೆ ಹೆರಿಗೆ ನೋವು ಬಂದಿತ್ತು, ಕ್ಷಮಿಸಬೇಕು ಅಂದಿದ್ದಾನೆ. ಈ ಕಾಗದದಲ್ಲಿ ಬರೆದಿರೋದು ಇಷ್ಟು: ಊರಿನ ಹೆಂಗಸರು ಮಳೆಮಾಪಕವನ್ನು ಲಿಂಗವೆಂದು ಭಾವಿಸಿ ಬೇಸಿಗೆಯ ಸೋಮವಾರಗಳಂದು ನೀರೆರೆಯುತ್ತಾರೆ, ತಡೆದರೆ ಶಾಪ ಹಾಕುತ್ತಾರೆ, ಆದ್ದರಿಂದ ಬೇಲಿಗೆ ಒಂದು ಬೀಗ ದಯಪಾಲಿಸಬೇಕು.

ಕೆಳಗೆ ದೊರೆಯ ಉತ್ತರ. ಬೀಗದ ಅಗತ್ಯವಿಲ್ಲ. ಇದ್ದ ನೀರನ್ನು ಇದ್ದಂತೆಯೇ ಅಳೆದು ಬರೆಯತಕ್ಕದ್ದು. ಅಂಥ ದಿನಗಳಿಗೆ ಷರಾ ಕಾಲಂನಲ್ಲಿ ಗುರುತು ಹಾಕತಕ್ಕದ್ದು, ಲೆಕ್ಕ ಮಾಡುವಾಗ ಇಲ್ಲಿ ತೆಗೆಯಲಾಗುವುದು.

"ನಿಮ್ಮಪ್ಪ ಈ ಆರ್ಡರ್ ಪಾಲಿಸಿದಾರೆ ಕಣೋ!" ಮಾನಸಾ ಕುರ್ಚಿಯಿಂದ ಎದ್ದೇಬಿಟ್ಟಳು. "ನೂರು ವರ್ಷ ಆದ್ಮೇಲೂ! ನಡಿ, ಅವರ ರಿಜಿಸ್ಟರ್ ಎಲ್ಲಿದೆ?"

ನಾನು ಹೇಳಿದೆ. ಅವಳು ಕೂತಳು. ಆವತ್ತಿನ ಪಫ್ಸ್ ಅವಳೂ ತಿಂದಿದ್ದಳು.

"ಬರೀ ಈ ಕಾಗದ ತೋರ್ಸಿದ್ರೆ?"

"ಆರ್ಡರ್ ಇದೆ, ಸರಿ, ಪಾಲಿಸಿದ್ದಕ್ಕೆ ಸಾಕ್ಷಿ ಏನು ಅಂತಾನೆ. ನಾನಾದರೂ ಹಂಗೇ ಕೇಳ್ತೀನಿ."

ಉಪ್ಪಾರಹಳ್ಳಿ ರದ್ದಿ ಅಂಗಡಿಯವನು ನನ್ನ ಮೇಲಿಂದ ಕೆಳಗೆ ನೋಡಿದ. "ಎರಡು ವರ್ಷದ ಹಿಂದಿನ ಪೇಪರ್ ಕೇಳ್ತೀಯಲ್ಲ ಗುರು, ಇದೇನ್ ಬ್ಯಾಂಕ್ ಲಾಕರ್ರಾ? ನಮ್ಮ ಮಾಲೆಲ್ಲಾ ಕುಣಿಗಲ್ ಗೋಡೌನಿಗೆ ಹೋಗುತ್ತೆ. ಹೋಗಿ ನೋಡ್ಕೋ ಹೋಗು."

ಹೋದೆ. ಮಂಗಳವಾರ, ಬುಧವಾರ ಎರಡು ದಿನ ಕುಣಿಗಲ್‌ನಲ್ಲಿ. ಗೋಡೌನಿನ ಮೇಸ್ತ್ರಿ ಮೊದಲು ಓಡಿಸಿದ, ಆಮೇಲೆ ನನ್ನ ಮುಖ ನೋಡಿ ಏನನ್ನಿಸ್ತೋ, "ಮೂಲೇಲಿ ಹಳೇ ಬೇಲ್ ಒಂದೈದಾರು ಮಿಲ್‌ಗೆ ಹೋಗದೆ ಬಿದ್ದವೆ, ಬಿಚ್ಚಿ ನೋಡ್ಕೋ, ವಾಪಸ್ ಕಟ್ಟಿ ಹೋಗ್ಬೇಕು" ಅಂದ. ತಂತಿ ಬಿಚ್ಚಿ ಒಂದೊಂದೇ ಹಾಳೆ ತೆಗೆದೆ. ಮಕ್ಕಳ ಕಾಪಿ ಬರಹ, ಮದುವೆ ಕಾರ್ಡು, ಯಾವುದೋ ಆಸ್ಪತ್ರೆ ಚೀಟಿ, ವಕೀಲರ ಫೈಲು. ಯಾವ್ಯಾವುದೋ ಊರಿನವರದೆಲ್ಲಾ ಇತ್ತು. ಒಂದು ಕಡೆ ರೂಲ್ ಹೊಡೆದ ಉದ್ದನೆ ಹಾಳೆ ಕಂಡು ಎಳಕೊಂಡೆ. ಹಾಲಿನ ಡೈರಿ ಪುಸ್ತಕ ಅದು. ಬುಧವಾರ ಸಂಜೆ, ಅಪ್ಪನದು ಒಂದು ಹಾಳೇನೂ ಸಿಗದೆ ಕೊನೇ ಬೇಲ್ ವಾಪಸ್ ಕಟ್ಟುವಾಗ ತಂತಿ ಅಂಗೈ ಕುಯ್ದಿತು. ಮೇಸ್ತ್ರಿ ಅರಿಶಿನ ತಂದುಕೊಟ್ಟು, "ಆಸ್ತಿ ಪತ್ರನಾ?" ಅಂದ. ಹೂಂ ಅಂದೆ.

ಗುರುವಾರ ಕಮಿಟಿ ಗಾಳಿ ಬಂಗ್ಲೆಗೇ ಬಂತು. ಎರಡು ಕಾರು, ಬೆಂಗಳೂರಿನ ಮೂವರು. ಅವರಲ್ಲಿ ದೊಡ್ಡವರು ಅನುಪಮಾ ಅಂತ ಒಬ್ಬ ಮೇಡಂ, ಬೆಳ್ಳಿ ಕೂದಲು, ಮೆಲ್ಲಗಿನ ಮಾತು. ಬಂದವರೇ ಚಪ್ಪಲಿ ಬಿಟ್ಟು ಮಳೆಮಾಪಕದ ಹತ್ತಿರ ಹೋಗಿ, ಮಂಡಿ ಊರಿ, ಕಲ್ಲು ತಡವಿ ನೋಡಿದರು. ಹಳ್ಳಿಯಿಂದ ಹತ್ತು ಹದಿನೈದು ಜನ ಬಂದು ಬೇಲಿ ಆಚೆ ನಿಂತಿದ್ದರು. ಅವ್ವ ಹೊಸ ಸೀರೆ ಉಟ್ಟು ಮಜ್ಜಿಗೆ ಕೊಡ್ತಿದ್ದಳು. ಕಲ್ಲಿನ ಮೇಲೆ ಹೆಸರು ಕೆತ್ತಿಸಕ್ಕೇ ಬಂದವ್ರೆ ಅಂತ ಅವಳ ಲೆಕ್ಕ.

ರೇಣುಕಾಪ್ರಸಾದ್ ಸಾರ್ ಲ್ಯಾಪ್‌ಟಾಪ್ ತೆಗೆದು ಮಂಗಳವಾರದ ಕಂಬ ತೋರಿಸಿದರು. ಈ ಸಲ ಮಾತು ನಾಜೂಕಾಗಿತ್ತು, ದೊಡ್ಡವರ ಮುಂದಲ್ವಾ. "ಈ ಅವಧಿಯ ವೀಕ್ಷಕರು ಸ್ಥಳಕ್ಕೆ ಹೋಗದೆ ಬರೆದಿರುವ ಸಾಧ್ಯತೆ ಇದೆ ಮೇಡಂ. ಈ ಭಾಗ ಬಿಟ್ಟುಬಿಡೋಣ. ಇವನು ಪ್ರಭುದೇವ, ಟೈಪ್ ಮಾಡಿದವನು. ರಿಜಿಸ್ಟರ್‌ನಲ್ಲಿ ಬೇರೇನೂ ಇರಲಿಲ್ಲ ಅಂತ ಇವನ ಸಹಿ ಹಾಕಿಸ್ತೀವಿ."

ಕಾಗದ ಮುಂದೆ ಬಂತು. ಪೆನ್ನೂ ಬಂತು.

ಅನುಪಮಾ ಮೇಡಂ ಕೈ ಅಡ್ಡ ಹಿಡಿದರು. "ಒಂದ್ನಿಮಿಷ. ಏನಪ್ಪಾ, ಷರಾ ಕಾಲಂನಲ್ಲಿ ಏನಾದ್ರೂ ಗುರುತು ಇತ್ತಾ? ಹಳೇ ರಿಜಿಸ್ಟರ್‌ನಲ್ಲಿ ಮೂರು ಗೆರೆ ಇದೆಯಲ್ಲ, ಆ ಥರ? ಇದ್ದಿದ್ರೆ ಆ ದಿನ ಮಾತ್ರ ತೆಗೆದು ಉಳಿದದ್ದೆಲ್ಲಾ ಇಟ್ಕೋಬಹುದು. ಇಲ್ಲ ಅಂದ್ರೆ ಯಾವುದು ನಿಜದ ಮಳೆ, ಯಾವುದು ಅಲ್ಲ ಹೇಳಕ್ಕಾಗಲ್ಲ. ಎಲ್ಲಾ ಬಿಡಬೇಕಾಗುತ್ತೆ."

ನಾನು ಬಾಯಿ ತೆಗೆಯೋಕೆ ಮುಂಚೆ ಅವ್ವ ಮಜ್ಜಿಗೆ ತಟ್ಟೆ ಕೆಳಗಿಟ್ಟು ಬಂದಳು.

"ಇತ್ತು ಕಣಮ್ಮಾ! ಮೂರು ಗೆರೆ! ನೀರು ಹಾಕ್ತಿದ್ದೋಳು ನಾನು, ಗೆರೆ ಎಳೀತಿದ್ದೋರು ನಮ್ಮೆಜಮಾನ್ರು. ಒಂದು ವಾರ ತಪ್ಪಿಲ್ಲ. ನಾನು ತವರಿಗೆ ಹೋದಾಗ ಹಾಕಿಲ್ಲ, ಆಗ ಗೆರೇನೂ ಇಲ್ಲ, ನೋಡ್ಕೊಳ್ಳಿ ಬೇಕಾದ್ರೆ. ಪುಸ್ತಕ ಎಲ್ಲಾ ಇವರ ಆಫೀಸಿನಾಗೇ ಅವೆ. ಗಾಜಿನ ಬೀರಿನಾಗೆ."

ಮೇಡಂ ಮುಖ ಅರಳಿತು. ಎದ್ದು ಅವ್ವನ ಕೈ ಹಿಡಕೊಂಡರು. "ಹೌದಾ ಅಮ್ಮಾ? ಹಾಗಾದ್ರೆ ಏನೂ ತೊಂದರೆ ಇಲ್ಲ. ಒಂದು ಪುಸ್ತಕ ಸಿಕ್ಕಿದ್ರೂ ಸಾಕು." ನನ್ನ ಕಡೆ ತಿರುಗಿ, "ಎಲ್ಲಿವೆಯಪ್ಪಾ ಅವು?" ಅಂದರು.

ರೇಣುಕಾಪ್ರಸಾದ್ ಸಾರ್ ಹುಬ್ಬು ಗಂಟು ಹಾಕಿ ನನ್ನನ್ನೇ ನೋಡ್ತಿದ್ದರು. ನಿಜವಾಗ್ಲೂ ಅವರಿಗೆ ನೆನಪಿರಲಿಲ್ಲ. ಕ್ಲಿಯರ್ ಮಾಡು ಅಂದ ಒಂದು ಮಾತು ಯಾವನಿಗೆ ನೆನಪಿರುತ್ತೆ? ಹೇಳಬಹುದಿತ್ತು, ನೀವೇ ಹೇಳಿದ್ದು ಸಾರ್ ಅಂತ ಅವರ ಕೊರಳಪಟ್ಟಿ ಹಿಡೀಬಹುದಿತ್ತು. ಅದಕ್ಕೇ ಐದು ದಿನದಿಂದ ಕೈ ನವೀತಿತ್ತು. ಆದರೆ ಚೀಲ ಹೊತ್ತವನು ಅವರಲ್ಲ. ತೂಕದ ಮೇಲೆ ಇಟ್ಟವನು ಅವರಲ್ಲ.

"ಹೇಳೋ ಮಗಾ," ಅಂದಳು ಅವ್ವ. ಬೇಲಿ ಆಚೆ ನಿಂತ ಜನಕ್ಕೂ ಕೇಳಲಿ ಅಂತ ದನಿ ಏರಿಸಿದಳು. "ಯಾಕ್ಲಾ ಸುಮ್ನೆ ನಿಂತಿದೀಯ? ನಿಮ್ಮಪ್ಪನ ಪುಸ್ತಕ ಎಲ್ಲವೆ ಹೇಳೋ."

ಅವಳ ಕೈ ಇನ್ನೂ ಮೇಡಂ ಕೈಯಲ್ಲೇ ಇತ್ತು. ಇಷ್ಟು ಜನದ ಮುಂದೆ ಅವಳು ತಲೆ ಎತ್ತಿ ನಿಂತಿದ್ದನ್ನ ನಾನು ಹಿಂದೆ ಕಂಡಿದ್ದಿಲ್ಲ.

ಸಹಿ ಹಾಕದೆ ಪೆನ್ನನ್ನ ಕಾಗದದ ಮೇಲೆ ಇಟ್ಟೆ. ಬೇಲಿ ಬಾಗಿಲು ತಳ್ಳಿದೆ. ಜನ ಆಚೆ ಈಚೆ ಸರಿದು ದಾರಿ ಬಿಟ್ಟರು. "ಲೋ ಪ್ರಭೂ, ಎಲ್ಲಿಗೋ? ಲೋ!" ಅಂತ ಅವ್ವ ಕೂಗಿದಳು. ದಿಬ್ಬ ಇಳಿದು ರಸ್ತೆಗೆ ಬಿದ್ದೆ, ಇನ್ನೂ ಕೂಗ್ತಾನೇ ಇದ್ದಳು. ನಾನು ತಿರುಗಲಿಲ್ಲ.